ಹಳದಿ ಹೋಳು, ಹಸಿರು ಹೋಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಓದನ್ನು ಅರ್ಧಕ್ಕೇ ಬಿಟ್ಟವಳು ನಾನು, ಹಾಗಾಗಿ ಮಾತುಗಳೂ ಕೂರಬೇಕಾದ ಕಡೆ ಸರಿಯಾಗಿ ಕೂರುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಗೀಚಿ ತಿದ್ದಿದ ಜಾಗಗಳಲ್ಲಿ ಕೊನೆಗೆ ಬರೆದದ್ದನ್ನೇ ಓದಿಕೊಳ್ಳಿ. ಇದು ನಮ್ಮ ದೊಡ್ಡಮ್ಮನ ಕಥೆ. ನಮ್ಮಮ್ಮನ ಅಕ್ಕ. ಅವಳೇ ಕೂತು ಹೇಳಿದ್ದು. "ಬರೀತೀಯ? ಬರಿ. ಇದ್ದದ್ದು ಇದ್ದ ಹಾಗೆ ಬರಿ, ಉಪ್ಪು ಖಾರ ಹಚ್ಚಬೇಡ" ಎಂದಿದ್ದಾಳೆ. ಎಲ್ಲರೂ ಅವಳನ್ನು ಬಣ್ಣದಕ್ಕ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಬಣ್ಣದಕ್ಕ ಕೆಲಸ ಮಾಡುವುದು ಹಾಸಿಗೆ ದಿಂಬು ಮಾರುವ ಸಗಟು ಅಂಗಡಿಯಲ್ಲಿ. ಕೆಳಗೆ ರಸ್ತೆಯ ಕಡೆಗೆ ಬಿಲ್ಲಿಂಗ್ ಕೌಂಟರ್, ಅದರ ಹಿಂದೆ ಹೊಲಿಗೆ ಕೋಣೆ, ಅದರಾಚೆ ಗೋದಾಮು. ಕಿರಿದಾದ ಮೆಟ್ಟಿಲು ಹತ್ತಿದರೆ ಆಫೀಸು. ಆಗ ಅಲ್ಲಿ ಕಿಟಕಿಯ ಪಕ್ಕದ ಮೇಜು ಅವಳದಾಗಿತ್ತು. ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲಿಬಂದು ಕೀಬೋರ್ಡಿನ ಸಂದಿಗಳಲ್ಲಿ ಸೇರಿಕೊಳ್ಳುತ್ತವೆ. ಬೆಳಿಗ್ಗೆ ಬಂದ ಕೂಡಲೇ ಹಳೆಯದೊಂದು ಹಲ್ಲುಜ್ಜುವ ಬ್ರಶ್ಶಿನಿಂದ ಅವನ್ನು ಕೆದಕಿ ತೆಗೆದು, ಮಾನಿಟರ್ ಒರೆಸಿ, ಆಮೇಲೆಯೇ ಅವಳು ಕೂರುತ್ತಿದ್ದದ್ದು. ಅವಳ ಆಗಿನ ಮುಖ್ಯ ಕೆಲಸ ತಿಂಗಳ ಮಾರಾಟದ ಲೆಕ್ಕವನ್ನು ಸಾಫ್ಟ್‌ವೇರಿಗೆ ಹಾಕಿ ಪೈ ಚಾರ್ಟ್ ಮಾಡುವುದು.

ಪೈ ಚಾರ್ಟ್ ನೋಡದವರಿಗೆ ಹೇಳುತ್ತೇನೆ. ಕಲ್ಲಂಗಡಿ ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ದುಂಡನೆಯ ಬಿಲ್ಲೆ ಬರುತ್ತದಲ್ಲ, ಹಾಗಿರುತ್ತದೆ. ಆ ಬಿಲ್ಲೆ ಪೂರ್ತಿ ಅಂಗಡಿಯ ಒಟ್ಟು ಮಾರಾಟ. ಯಾವ ಮಾಲು ಹೆಚ್ಚು ಮಾರಿತೋ ಅದಕ್ಕೆ ದೊಡ್ಡ ಹೋಳು, ಕಡಿಮೆ ಮಾರಿದ್ದಕ್ಕೆ ಸಣ್ಣ ಹೋಳು. ಅಂಗಡಿಯಲ್ಲಿ ಮಾರುವುದು ಐದು ಬಗೆ. ಹಾಸಿಗೆ, ಹೊದಿಕೆ, ದಿಂಬು, ಪರದೆ, ಕಾಲೊರಸು. ಹೋಳಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಇದ್ದೇ ಇರುತ್ತದೆ. ಆದರೆ ಯಜಮಾನರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಕನ್ನಡಕ ಹಾಕಿದರೆ ಮುದುಕನೆಂದಾರು ಎಂದು ಹಾಕಿಕೊಳ್ಳುವುದೂ ಇಲ್ಲ. ಹಿಂದೊಮ್ಮೆ ಅವರು ಹಾಸಿಗೆಯ ಹೋಳನ್ನು ಕಾಲೊರಸೆಂದು ತಿಳಿದು, ಜನ ಇಷ್ಟೊಂದು ಕಾಲು ಒರೆಸುತ್ತಾರೆಯೇ ಎಂದು ಸಂತೋಷಪಟ್ಟು ಲಾರಿಗಟ್ಟಲೆ ಕಾಲೊರಸು ತರಿಸಿದ್ದರಂತೆ. ಅದರಲ್ಲಿ ಕೆಲವು ಈಗಲೂ ಗೋದಾಮಿನಲ್ಲಿವೆ.

ಆಗ ಉಪಾಯ ಹುಡುಕಿದವಳು ಬಣ್ಣದಕ್ಕ. ಹಾಸಿಗೆಗೆ ನೀಲಿ, ಹೊದಿಕೆಗೆ ಕೆಂಪು, ದಿಂಬಿಗೆ ಹಳದಿ, ಪರದೆಗೆ ಹಸಿರು, ಕಾಲೊರಸಿಗೆ ಕಂದು ಎಂದು ಗೊತ್ತು ಮಾಡಿದಳು. ಸಾಫ್ಟ್‌ವೇರ್ ತನಗೆ ತೋಚಿದ ಬಣ್ಣ ಹಾಕಿಕೊಡುತ್ತದೆ. ಇವಳು ಪ್ರತಿ ತಿಂಗಳೂ ಒಂದೊಂದೇ ಹೋಳಿನ ಮೇಲೆ ಒತ್ತಿ, ಹೆಸರು ಓದಿ, ಅದಕ್ಕೆ ಅದರದೇ ಬಣ್ಣ ಹಾಕಿ, ಹಿಂದಿನ ತಿಂಗಳ ಚಾರ್ಟನ್ನು ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದಳು. ಅರ್ಧ ಬೆಳಗು ಅದಕ್ಕೇ ಹೋಗುತ್ತಿತ್ತು. ಬರಬರುತ್ತಾ ಅಂಗಡಿಯವರೆಲ್ಲ ಬಣ್ಣದಲ್ಲೇ ಮಾತಾಡತೊಡಗಿದರು. ಚಾರ್ಟಿನ ಅಕ್ಷರ ಓದುವುದನ್ನೇ ಮರೆತರು. "ನೀಲಿ ಲೋಡ್ ಆಯ್ತಾ?" "ಕಂದು ಬಂಡಲ್ ಇಲಿ ಕಡಿದಿದೆ." ಗಿರಾಕಿಯೊಬ್ಬ ಹಳದಿ ದಿಂಬು ಬೇಕು ಎಂದಾಗ ಗೋದಾಮಿನವನು, "ದಿಂಬೆಲ್ಲ ಹಳದೀನೇ ಸ್ವಾಮಿ, ಬಣ್ಣ ಯಾವುದು ಬೇಕು ಹೇಳಿ" ಎಂದನಂತೆ. ಅವಳಿಗೆ ಬಣ್ಣದಕ್ಕ ಎಂಬ ಹೆಸರು ಬಿದ್ದದ್ದು ಹೀಗೆ. ಮನೆಗೂ ಅದೇ ಹೆಸರು ಬಂತು. ಅವಳ ಗಂಡ ಕೂಡ ಅವಳಿಗೆ ಕೇಳುವಂತೆ, "ಬಣ್ಣದಕ್ಕಾವ್ರು ಊಟಕ್ಕೆ ಬಡಿಸ್ತಾರಾ?" ಎನ್ನುತ್ತಿದ್ದ. ಅವಳು ಬೈಯುತ್ತಿದ್ದಳು, ಆದರೆ ಒಳಗೊಳಗೇ ಹಿಗ್ಗುತ್ತಿದ್ದಳು. ತಾನು ಮಾಡಿದ್ದೊಂದು ಊರವರ ಬಾಯಲ್ಲಿದೆಯಲ್ಲ ಎಂದು.

ಹೀಗಿರುವಾಗ ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಳು. ಅವಳನ್ನು ಎಲ್ಲರೂ ಚಿಕ್ಕವಳು ಎನ್ನುವುದು. ಬಣ್ಣದಕ್ಕನೇ ಯಜಮಾನರಿಗೆ ಹೇಳಿ ಅವಳನ್ನು ಕೆಲಸಕ್ಕೆ ಸೇರಿಸಿದಳು. "ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳಕೊಂಡೆ" ಎಂದು ಈಗ ಹೇಳುತ್ತಾಳೆ. ಆಗ ಹಾಗನ್ನಿಸಿರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಕೈ ಹಿಡಿದು ಕಲಿಸಿದಳು. ಚಿಕ್ಕವಳು "ಹೂಂ ಅಕ್ಕ, ಹೂಂ ಅಕ್ಕ" ಎಂದು ಕಲಿತಳು.

ಕಲಿತವಳು ಅಲ್ಲಿಗೇ ನಿಲ್ಲಲಿಲ್ಲ.

ಒಂದು ತಿಂಗಳು ಬಣ್ಣದಕ್ಕನಿಗೆ ಜ್ವರ ಬಂದು ರಜೆ ಹಾಕಿದಾಗ ಚಿಕ್ಕವಳೇ ಚಾರ್ಟ್ ಮಾಡಿದಳು. ಬಿಲ್ಲೆಯ ನಡುವೆ ದುಂಡಗೆ ತೂತು ಬಿಟ್ಟು, ಆ ತೂತಿನೊಳಗೆ ಒಟ್ಟು ಮಾರಾಟದ ಅಂಕಿಯನ್ನು ದಪ್ಪಗೆ ಬರೆದಿದ್ದಳು. ಆ ತಿಂಗಳು ಚೆನ್ನಾಗಿ ಮಾರಿದ ಹೊದಿಕೆಯ ಹೋಳನ್ನು ಒಂದು ಚೂರು ಹೊರಗೆಳೆದು ಎದ್ದು ಕಾಣುವಂತೆ ಮಾಡಿದ್ದಳು. ಬಣ್ಣಗಳು ಮಾತ್ರ ಅವೇ. ಬಣ್ಣದಕ್ಕ ಕೆಲಸಕ್ಕೆ ಮರಳಿದ ದಿನ ಮೆಟ್ಟಿಲಲ್ಲೇ ಗೋದಾಮಿನವನು ಸಿಕ್ಕಿದ.

"ಬಣ್ಣದಕ್ಕ, ನೋಡಿದ್ರಾ? ನೀವು ಮಾಡೋದು ಗಾಡಿ ಚಕ್ರ. ನಿಮ್ಮ ಓರಗಿತ್ತಿ ಮಾಡಿರೋದು ಬಳೆ."

"ಚಕ್ರ ಇದ್ರೆ ಗಾಡಿ ಓಡುತ್ತೆ. ಬಳೆ ಇಟ್ಕೊಂಡು ಏನು ಮಾಡ್ತೀಯ, ನೀನು ತೊಟ್ಕೋತೀಯಾ?" ಎಂದಳು ಬಣ್ಣದಕ್ಕ.

ಅವನು ನಕ್ಕ. ಅವಳೂ ನಕ್ಕಳು. ಆದರೆ ಹೊಟ್ಟೆಯೊಳಗೆ ಒಂದು ಕೆಂಡ ಬಿದ್ದದ್ದು ಆ ಮೆಟ್ಟಿಲಲ್ಲೇ.

ಆಮೇಲೆ ಆ ಕೆಂಡಕ್ಕೆ ದಿನಾ ಯಾರಾದರೊಬ್ಬರು ಗಾಳಿ ಹಾಕುತ್ತಲೇ ಇದ್ದರು. ಮನೆಯಲ್ಲಿ ಅತ್ತೆ, "ಚಿಕ್ಕವಳು ಕೆಲಸಕ್ಕೂ ಹೋಗ್ತಾಳೆ, ಮುಖದ ಮೇಲಿನ ನಗು ಮಾತ್ರ ಮಾಸಲ್ಲ" ಎಂದರೆ, ನನ್ನ ಮುಖದ ಮೇಲೆ ಏನಿದೆ ಹಾಗಾದರೆ ಎಂದು ಬಣ್ಣದಕ್ಕ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಗಂಡ ಚಿಕ್ಕವಳ ಮಾತಿಗೆ ಊಟ ಮಾಡುತ್ತಾ ನಕ್ಕರೆ ಇವಳು ಅನ್ನವನ್ನು ಬೆರಳಲ್ಲಿ ಕೆದಕುತ್ತಾ ಕೂರುತ್ತಿದ್ದಳು. ತನ್ನ ಮಾತಿಗೆ ಅವನು ಕೊನೆಯ ಸಲ ಯಾವಾಗ ನಕ್ಕಿದ್ದ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಸಿಗದೆ, ಇನ್ನಷ್ಟು ಉರಿಯುತ್ತಿದ್ದಳು. ಚಿಕ್ಕವಳ ಮೇಲೆ ತಪ್ಪು ಹೊರಿಸೋಣವೆಂದರೆ ಹುಡುಕಿದರೂ ಒಂದು ಸಿಗದು. ಅವಳು ಬಡಾಯಿ ಕೊಚ್ಚುವವಳಲ್ಲ, ಎದುರುತ್ತರ ಕೊಡುವವಳಲ್ಲ. ಬೆಳಿಗ್ಗೆ ಇಬ್ಬರ ಡಬ್ಬಿಯನ್ನೂ ಅವಳೇ ತುಂಬುತ್ತಿದ್ದಳು. ಹೊಟ್ಟೆಕಿಚ್ಚು ಪಡಲು ಒಂದು ನೆಪ ಕೂಡ ಕೊಡದ ಜನರ ಮೇಲೆ ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಂತೆ. ಇದು ನನ್ನ ಮಾತಲ್ಲ, ಅವಳದೇ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಣ್ಣದಕ್ಕ ಗುಟ್ಟಾಗಿ ಬಳೆ ಮಾಡಲು ಕೂತಳು. ತೂತು ಬಿತ್ತು. ಹೊರಗೆಳೆಯುವಾಗ ಮೌಸು ಕೈ ಮೀರಿ ಜಾರಿ, ಕಾಲೊರಸಿನ ಹೋಳು ಬಿಲ್ಲೆಯನ್ನೇ ತೊರೆದು ಮೂಲೆಗೆ ಹೋಗಿ ಕೂತಿತು, ಮನೆಯವರ ಮೇಲೆ ಮುನಿಸಿಕೊಂಡು ಜಗಲಿಯಲ್ಲಿ ಕೂತ ಮಾವನ ಹಾಗೆ. ಎಷ್ಟು ಕರೆದರೂ ಬರಲಿಲ್ಲ. ಚಿಕ್ಕವಳು ಬಂದು ಹಿಂದೆ ನಿಂತದ್ದು ಇವಳಿಗೆ ತಿಳಿಯಲಿಲ್ಲ.

"ಅಲ್ಲಿ ಒತ್ತಿ ಹಿಂದಕ್ಕೆ ತಳ್ಳಿ ಅಕ್ಕ, ಬರುತ್ತೆ" ಎಂದಳು ಚಿಕ್ಕವಳು ಮೆಲ್ಲಗೆ.

"ನನಗೆ ಬೇಕಾಗಿ ಅಲ್ಲಿಟ್ಟಿದ್ದೀನಿ" ಎಂದಳು ಬಣ್ಣದಕ್ಕ.

ಅದರ ಮುಂದಿನ ತಿಂಗಳು ಚಿಕ್ಕವಳು ಇನ್ನೊಂದು ಮಾಡಿದಳು. ಐದು ಬಣ್ಣಗಳನ್ನು ಸಾಲಾಗಿ ಸಾಫ್ಟ್‌ವೇರಿನಲ್ಲೇ ಉಳಿಸಿಟ್ಟಳು. ಲೆಕ್ಕ ಹಾಕಿ ಒಂದು ಸಲ ಒತ್ತಿದರೆ ಸಾಕು, ನೀಲಿ, ಕೆಂಪು, ಹಳದಿ, ಹಸಿರು, ಕಂದು ತಾವಾಗಿಯೇ ಬಂದು ಕೂರುತ್ತಿದ್ದವು. ಬಣ್ಣದಕ್ಕನ ಅರ್ಧ ಬೆಳಗಿನ ಕೆಲಸ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಯಜಮಾನರು ಹಿಂದೆ ನಿಂತು ನೋಡಿ, "ಭೇಷ್, ಇಷ್ಟು ದಿನ ಯಾಕೆ ಹೀಗೆ ಮಾಡ್ಲಿಲ್ಲ?" ಎಂದರು. ಕೇಳಿದ್ದು ಚಿಕ್ಕವಳನ್ನೋ ತನ್ನನ್ನೋ ಎಂದು ಬಣ್ಣದಕ್ಕನಿಗೆ ಗೊತ್ತಾಗಲಿಲ್ಲ. ತನ್ನನ್ನೇ ಎಂದುಕೊಂಡಳು.

ಅದೇ ವಾರ ಯಜಮಾನರು ಇಬ್ಬರನ್ನೂ ಕರೆದರು. "ಚಾರ್ಟಿಗೆ ಇಬ್ಬರು ಯಾಕಮ್ಮ? ಒಬ್ಬರು ಮೇಲಿರಲಿ, ಇನ್ನೊಬ್ಬರು ಕೆಳಗೆ ಬಿಲ್ಲಿಂಗ್ ನೋಡ್ಕೊಳ್ಳಲಿ. ಸಂಬಳ ಇಬ್ಬರಿಗೂ ಈಗಿನದೇ. ಅರ್ಧವರ್ಷದ ಮೀಟಿಂಗ್ ಆಗ್ಲಿ, ಯಾರು ಅಂತ ಆಮೇಲೆ ಹೇಳ್ತೀನಿ. ಈ ಸಲದ ಚಾರ್ಟು ಚಿಕ್ಕವಳೇ ಮಾಡ್ಲಿ, ನೋಡೋಣ."

ಸಂಬಳ ಅದೇ ಇರಬಹುದು. ಆದರೆ ಆ ಕಿಟಕಿ ಪಕ್ಕದ ಮೇಜು, ಮೀಟಿಂಗಿನಲ್ಲಿ ಚಾರ್ಟ್ ಬಂದಾಗ ಎಲ್ಲರ ಕಣ್ಣು ತನ್ನ ಕಡೆ ತಿರುಗುವ ಆ ಗಳಿಗೆ, ಬಣ್ಣದಕ್ಕ ಎಂಬ ಹೆಸರು, ಇವು ಹೋದರೆ ತಾನು ಯಾರು? ಕೆಳಗೆ ಬಿಲ್ ಹರಿದುಕೊಡುವವಳನ್ನು ಯಾರಾದರೂ ಬಣ್ಣದಕ್ಕ ಎನ್ನುತ್ತಾರೆಯೇ? ಅವಳಿಗೆ ಅದೊಂದೇ ಯೋಚನೆ ಹತ್ತಿತು.

ಮೀಟಿಂಗಿನ ಹಿಂದಿನ ಸಂಜೆ. ಆಫೀಸಿನವರು ಹೊರಟಿದ್ದರು. ಚಿಕ್ಕವಳು ಚಾರ್ಟಿನ ಪ್ರಿಂಟ್ ತೆಗೆದು, ಹಾಳೆಯಿನ್ನೂ ಬೆಚ್ಚಗಿರುವಾಗಲೇ ತಂದು ಬಣ್ಣದಕ್ಕನ ಮುಂದಿಟ್ಟಳು.

"ಒಂದು ಸಲ ನೋಡಿ ಅಕ್ಕ. ನೀವು ನೋಡಿದ್ರೆ ನನಗೆ ಧೈರ್ಯ."

ಬಣ್ಣದಕ್ಕ ನೋಡಿದಳು. ನೀಲಿ ಸರಿ. ಕೆಂಪು ಸರಿ. ಹಳದಿಯ ಪಕ್ಕದ ಸಣ್ಣ ಅಕ್ಷರ ಓದಿದಳು. ಪರದೆ ಎಂದಿತ್ತು. ಹಸಿರಿನ ಪಕ್ಕ ದಿಂಬು ಎಂದಿತ್ತು.

ಯಾಕೆಂದು ಅವಳಿಗೆ ತಕ್ಷಣ ಹೊಳೆಯಿತು. ಚಿಕ್ಕವಳು ಉಳಿಸಿಟ್ಟದ್ದು ಬಣ್ಣಗಳ ಸಾಲು. ಸಾಫ್ಟ್‌ವೇರ್ ಹೋಳುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಸಾಲಿನ ಬಣ್ಣಗಳನ್ನು ಕ್ರಮವಾಗಿ ಹಚ್ಚುತ್ತದೆ. ಮೂರನೆಯದಕ್ಕೆ ಹಳದಿ, ನಾಲ್ಕನೆಯದಕ್ಕೆ ಹಸಿರು. ಅದಕ್ಕೆ ದಿಂಬು ಯಾವುದು, ಪರದೆ ಯಾವುದು ಎಂಬ ಗೋಜಿಲ್ಲ. ಇಷ್ಟು ದಿನ ದಿಂಬು ಮೂರನೆಯ ಸ್ಥಾನ ಬಿಟ್ಟು ಕದಲಿರಲಿಲ್ಲವಾದ್ದರಿಂದ ಎಲ್ಲ ಸರಿಹೋಗಿತ್ತು. ಈ ಅರ್ಧವರ್ಷ ಪರದೆ ಚೆನ್ನಾಗಿ ಮಾರಿ ದಿಂಬನ್ನು ಹಿಂದೆ ಹಾಕಿದೆ. ಸ್ಥಾನ ಅದಲು ಬದಲಾಯಿತು. ಬಣ್ಣವೂ ಆಯಿತು.

ಬಾಯಿ ತೆರೆದರೆ ಒಂದು ಮಾತು. ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಚಿಕ್ಕವಳು ಕಿಟಕಿಯ ಹತ್ತಿರ ಹೋಗಿ, ಚಿಲಕ ಹಾಕುತ್ತಾ, "ಇಲ್ಲಿ ಎಷ್ಟು ಚೆನ್ನಾಗಿ ಗಾಳಿ ಬರುತ್ತಲ್ವಾ ಅಕ್ಕ" ಎಂದಳು. ಏನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೆ ಬಣ್ಣದಕ್ಕನಿಗೆ, ಇವಳು ಆಗಲೇ ಮೇಜಿನ ಅಳತೆ ತೆಗೆದುಕೊಳ್ಳುತ್ತಿದ್ದಾಳೆ ಎನ್ನಿಸಿತು. ನಾಲಿಗೆಯ ತುದಿಯಲ್ಲಿದ್ದದ್ದನ್ನು ನುಂಗಿದಳು.

"ಸರಿ ಇದೆ" ಎಂದಳು.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ನಾಳೆಯ ಮಾತನ್ನು ಹೊಸೆದಳು. ಯಜಮಾನರು ತಪ್ಪಾಗಿ ಓದುತ್ತಾರೆ. ಆಗ ತಾನು ಎದ್ದು ನಿಲ್ಲಬೇಕು. "ಸಾರ್, ಒಂದು ನಿಮಿಷ. ಹಳದಿ ಹಸಿರು ಅದಲು ಬದಲಾಗಿದೆ. ಕೈಯಲ್ಲಿ ಹಾಕೋ ಬಣ್ಣಕ್ಕೂ ತಾನಾಗಿ ಬರೋ ಬಣ್ಣಕ್ಕೂ ಇದೇ ವ್ಯತ್ಯಾಸ." ಅಷ್ಟೇ. ಹೆಚ್ಚು ಆಡಬಾರದು. ಪಕ್ಕದಲ್ಲಿ ನಡೆಯುತ್ತಿದ್ದ ಚಿಕ್ಕವಳು ಇವಳ ಚೀಲವನ್ನೂ ತಾನೇ ಹೊತ್ತುಕೊಂಡಿದ್ದಳು.

ಮರುದಿನ ಮೀಟಿಂಗಿಗೆ ಹೊಲಿಗೆ ಕೋಣೆಯ ಮಾಸ್ಟರನ್ನೂ ಕರೆದಿದ್ದರು. ಪರದೆ ಹೊಲಿಸುವುದೆಲ್ಲ ಅವರ ಉಸ್ತುವಾರಿ. ಕೊರಳಲ್ಲಿ ಅಳತೆ ಟೇಪು ಹಾಗೆಯೇ ಇತ್ತು. ಅದನ್ನು ತೆಗೆದರೆ ಕುತ್ತಿಗೆ ಬೋಳುಬೋಳಾಗಿ ಕಾಣುತ್ತದೆ ಎಂದು ಅವರು ಮಲಗುವಾಗ ಮಾತ್ರ ತೆಗೆಯುವುದಂತೆ. ಪ್ರೊಜೆಕ್ಟರ್ ಹಾಕಿದಾಗ ಗೋಡೆಯ ಮೇಲೆ ಚಾರ್ಟ್ ದೊಡ್ಡದಾಗಿ ಮೂಡಿತು. ಯಜಮಾನರು ಕಣ್ಣು ಕಿರಿದು ಮಾಡಿ ನೋಡಿದರು.

"ನೀಲಿ ಗಟ್ಟಿ ಇದೆ. ಕೆಂಪಿಗೂ ಮೋಸ ಇಲ್ಲ. ಹಳದಿ ನೋಡಿ, ಉಬ್ಬಿ ಕೂತಿದೆ. ಹಸಿರು ಮಾತ್ರ ಒಣಗಿಹೋಯ್ತಲ್ರೀ." ಮಾಸ್ಟರ ಕಡೆ ತಿರುಗಿದರು. "ಮಾಸ್ಟ್ರೇ, ಬೇಜಾರು ಮಾಡ್ಕೋಬೇಡಿ. ಪರದೆ ಇನ್ನು ನಾವೇ ಹೊಲಿಸೋದು ಬೇಡ. ಬೇಕಾದಷ್ಟು ಹೊರಗಿಂದ ತರಿಸೋಣ. ಆ ಕೋಣೆ ದಿಂಬಿಗೆ ಬಿಟ್ಟುಕೊಡಿ."

ಮಾಸ್ಟರ್ ಎದ್ದು ನಿಂತರು. "ಸಾರ್, ನಮ್ಮ ಮಿಷನ್ ಒಂದು ದಿನ ನಿಂತಿಲ್ಲ. ಹೊಲಿದು ಹೊಲಿದು ಹುಡುಗೀರ ಬೆನ್ನು ಬಿದ್ದುಹೋಗಿದೆ."

"ಮಿಷನ್ ಓಡಿದ್ರೆ ಮಾಲು ಮಾರ್ತು ಅಂತ ಅಲ್ಲವಲ್ಲ. ಚಾರ್ಟ್ ಸುಳ್ಳು ಹೇಳುತ್ತಾ?"

ಬಣ್ಣದಕ್ಕ ಹೊಸೆದಿಟ್ಟ ಮಾತಿಗೆ ಇದೇ ಸಮಯ. ಅವಳು ಕುರ್ಚಿ ಹಿಂದೆ ಸರಿಸಿದಳು. ಆದರೆ ಮಾಸ್ಟರು ಆಗಲೇ ಚಿಕ್ಕವಳ ಕಡೆ ತಿರುಗಿ, "ಇನ್ನೊಂದ್ಸಲ ನೋಡಮ್ಮ, ಏನಾದ್ರೂ ಹೆಚ್ಚುಕಮ್ಮಿ ಆಗಿರ್ಬಹುದು" ಎಂದಿದ್ದರು.

ಚಿಕ್ಕವಳು ಅಳುಕಲೇ ಇಲ್ಲ. "ಇಲ್ಲ ಮಾಸ್ಟ್ರೇ, ನಿನ್ನೆ ಅಕ್ಕ ನೋಡಿದಾರೆ. ಅಕ್ಕನ ಕಣ್ಣು ತಪ್ಪಿಸಿ ಒಂದು ಬಣ್ಣ ಈ ಆಫೀಸು ದಾಟಿ ಹೋಗಲ್ಲ."

ಎಲ್ಲರೂ ಬಣ್ಣದಕ್ಕನ ಕಡೆ ತಿರುಗಿದರು. ಅವಳು ಇಷ್ಟು ದಿನ ಹಂಬಲಿಸಿದ್ದ ಅದೇ ತಿರುಗುವಿಕೆ. ಮಾಸ್ಟರು ಕೂಡ, ಹಾಗಿದ್ದರೆ ಇನ್ನೇನು ಹೇಳುವುದು ಎಂಬಂತೆ ಕೂತುಬಿಟ್ಟರು. ಬಣ್ಣದಕ್ಕ ನೋಡಿದ್ದಾಳೆ ಎಂದ ಮೇಲೆ ಮುಗಿಯಿತು. ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳಿಗೆ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಈಗ ತಪ್ಪಿದೆ ಎಂದರೆ, ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ನೋಡಿಯೂ ಸುಮ್ಮನಿದ್ದೆ ಎಂದರೆ ಮನಸ್ಸು ಕೊಳಕು ಎಂದಾಗುತ್ತದೆ. ಕಾಣಲಿಲ್ಲ ಎಂದರೆ ಕಣ್ಣು ಮಂಜು ಎಂದಾಗುತ್ತದೆ. ಸುಮ್ಮನಿದ್ದರೆ ತನಗೇನೂ ಆಗುವುದಿಲ್ಲ, ಮಾಸ್ಟರ ಹೊಲಿಗೆ ಕೋಣೆ ಹೋಗುತ್ತದೆ. ನಿನ್ನೆ ಸಂಜೆ ಲೆಕ್ಕ ಹಾಕುವಾಗ ಚಿಕ್ಕವಳು ಬೀಳುವುದು ಮಾತ್ರ ಅವಳಿಗೆ ಕಂಡಿತ್ತು. ಬೀಳುವಾಗ ಅವಳು ತನ್ನ ಕೈಯನ್ನೇ ನಂಬಿ ಹಿಡಿದುಕೊಳ್ಳುತ್ತಾಳೆ ಎಂದು ಹೊಳೆದಿರಲಿಲ್ಲ.

"ಅದಲು ಬದಲಾಗಿದೆ ಸಾರ್" ಎಂದಳು. "ಹಳದಿ ಇರೋದು ಪರದೆ. ಹಸಿರು ಇರೋದು ದಿಂಬು. ಅಕ್ಷರ ಓದಿ ನೋಡಿ."

ಗೋದಾಮಿನವನು ಎದ್ದು ಗೋಡೆಯ ಹತ್ತಿರ ಹೋಗಿ ಓದಿದ. "ಹೌದು ಸಾರ್. ಪರದೆ ಅಂತಾನೇ ಇದೆ."

"ನೀವು ನಿನ್ನೆ ನೋಡಿದ್ರಂತಲ್ಲ?" ಎಂದರು ಯಜಮಾನರು.

ಬಣ್ಣದಕ್ಕ ಚಿಕ್ಕವಳ ಮುಖ ನೋಡಲಿಲ್ಲ.

"ನೋಡಿದ್ದೆ. ಕಣ್ಣು ತಪ್ಪಿತು."

ಮಾಸ್ಟರ ಕೋಣೆ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇನ್ನೊಂದು ಮಿಷನ್ ತರಿಸುವ ಮಾತಾಯಿತು. ಚಿಕ್ಕವಳು ಅಲ್ಲೇ ಕೂತು, ಮುಖವೆಲ್ಲ ಕೆಂಪಾಗಿ, ಹೆಸರು ಹಿಡಿದು ಬಣ್ಣ ಅಂಟುವಂತೆ ಮಾಡುವುದು ಹೇಗೆಂದು ಸಾಫ್ಟ್‌ವೇರಿನಲ್ಲಿ ಹುಡುಕಿ ತೆಗೆದಳು. ಇನ್ನು ದಿಂಬು ಎಷ್ಟನೆಯ ಸ್ಥಾನಕ್ಕೆ ಹೋದರೂ ಹಳದಿಯೇ. ಯಜಮಾನರು ಸಂಜೆ ಬಣ್ಣದಕ್ಕನನ್ನು ಕರೆದು, ತುಂಬಾ ಮರ್ಯಾದೆಯಿಂದಲೇ, "ವಯಸ್ಸಾಗ್ತಾ ಕಣ್ಣು ಎಲ್ಲರಿಗೂ ಹೀಗೇ ಅಮ್ಮ. ನನ್ನನ್ನೇ ನೋಡಿ. ನೀವು ಬಿಲ್ಲಿಂಗ್ ನೋಡ್ಕೊಳ್ಳಿ, ಅಲ್ಲಿ ಅಕ್ಷರ ದೊಡ್ಡದಿದೆ" ಎಂದರು. ಹತ್ತಿಯ ಎಳೆಯೊಂದು ಗಾಳಿಯಲ್ಲಿ ಎಲ್ಲಿ ತೇಲುತ್ತಿದೆ ಎಂದು ದೂರದಿಂದ ಹೇಳಬಲ್ಲ ಕಣ್ಣು ಅವಳದು. "ಸರಿ ಸಾರ್" ಎಂದಳು.

ಅಲ್ಲಿಗೆ ಮುಗಿದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಮುಗಿಯಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕವಳು ಎಲ್ಲರ ಮುಂದೆ ಶುರು ಮಾಡಿದಳು.

"ತಪ್ಪು ನನ್ನದು. ಅಕ್ಕ ಸುಸ್ತಾಗಿದ್ರು, ನಾನೇ ಬಲವಂತ ಮಾಡಿ ತೋರಿಸಿದ್ದು. ಸಾರ್ ಕೇಳಿದಾಗ ಚಾರ್ಟ್ ಮಾಡಿದ್ದು ಇವಳು ಅಂತ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತನ್ನ ಮೇಲೆ ಹಾಕ್ಕೊಂಡ್ರು. ಮೇಜು ಹೋಯ್ತು ಪಾಪ." ಅವಳ ಕಣ್ಣಲ್ಲಿ ನೀರು.

"ಓರಗಿತ್ತಿ ಅಂದ್ರೆ ಹೀಗಿರ್ಬೇಕು" ಎಂದರು ಅತ್ತೆ. ಅವರ ಬಾಯಿಂದ ಅಂಥ ಮಾತು ಬಂದದ್ದೇ ಅಪರೂಪ. ಗಂಡ ಇವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ.

ಮರುದಿನದಿಂದ ಪಾತ್ರೆ ಚಿಕ್ಕವಳೇ ತೊಳೆದಳು. ಬೆಳಿಗ್ಗೆ ಚಹಾ ಹಾಸಿಗೆಯ ಹತ್ತಿರವೇ ಬಂತು. ನೆಂಟರು ಬಂದರೆ ಅವರಿಗೂ ಈ ಕಥೆ. ಬಣ್ಣದಕ್ಕ ಆ ಚಹಾವನ್ನು ಅರ್ಧ ಕುಡಿದು ಇಟ್ಟುಬಿಡುತ್ತಿದ್ದಳು. ತಾನು ದೇವತೆಯಾದೆನಲ್ಲ ಎಂಬ ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ನಂಬಿ, ಇದನ್ನೂ ಬರೆಯಲು ಅವಳೇ ಹೇಳಿದ್ದು, ಅಲ್ಲೂ ಹೊಟ್ಟೆಕಿಚ್ಚು. ಮೇಜು ಗೆದ್ದವಳು ಚಿಕ್ಕವಳು. ಈಗ ಸೋತವಳನ್ನು ಹೊಗಳಿ ಹೊಗಳಿ ಒಳ್ಳೆಯವಳಾಗುತ್ತಿರುವವಳೂ ಅವಳೇ. ಒಳ್ಳೆಯತನದಲ್ಲೂ ತನಗೆ ಎರಡನೆಯ ಸ್ಥಾನ. ಅದೂ ಸುಳ್ಳು ಸ್ಥಾನ.

ಒಂದು ಸಂಜೆ ಇಬ್ಬರೂ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಚಿಕ್ಕವಳು ಬಣ್ಣದಕ್ಕನ ಸೀರೆಯ ಒಂದು ತುದಿ ಹಿಡಿದಿದ್ದಳು, ಮಡಿಸಲು.

"ನಿನ್ನ ಕೈಲಿ ಚಹಾ ಇಸ್ಕೊಳ್ಳೋಕೆ ನನಗೆ ಆಗ್ತಿಲ್ಲ ಕಣೇ" ಎಂದಳು ಬಣ್ಣದಕ್ಕ.

"ಸಕ್ಕರೆ ಜಾಸ್ತಿ ಆಯ್ತಾ ಅಕ್ಕ?"

"ಅವತ್ತು ಕಣ್ಣು ತಪ್ಪಲಿಲ್ಲ. ನೋಡಿದೆ. ಹಳದಿ ಪಕ್ಕ ಪರದೆ ಅಂತ ಓದಿದೆ. ಬೇಕಂತಲೇ ಸರಿ ಇದೆ ಅಂದೆ."

ಚಿಕ್ಕವಳು ನಗಲು ಬಾಯಿ ತೆರೆದವಳು ಇವಳ ಮುಖ ನೋಡಿ ಮುಚ್ಚಿದಳು. ಸೀರೆಯ ತುದಿ ಅವಳ ಕೈಯಲ್ಲೇ ಇತ್ತು.

"ಯಾಕೆ?"

"ಯಾಕೆ ಅಂದ್ರೆ ಏನು ಹೇಳ್ಲಿ. ನೀನು ಬಳೆ ಮಾಡಿದೆ. ನನ್ನ ಕೈಲಿ ಆಗಲಿಲ್ಲ."

"ಕೇಳಿದ್ರೆ ಹೇಳ್ಕೊಡ್ತಿದ್ದೆನಲ್ಲ ಅಕ್ಕ."

"ಅದಕ್ಕೇ ಕೇಳಲಿಲ್ಲ."

ಚಿಕ್ಕವಳು ಸೀರೆಯನ್ನು ಮಡಿಸಿದಳು. ಅಂಚಿಗೆ ಅಂಚು ಸೇರಿಸಿ, ಎಂದಿಗಿಂತ ನಿಧಾನವಾಗಿ. ಅದನ್ನು ಬಕೆಟ್ಟಿನ ಮೇಲಿಟ್ಟು, "ನಾಳೆಯಿಂದ ಚಹಾ ನೀವೇ ಮಾಡ್ಕೊಳ್ಳಿ" ಎಂದು ಕೆಳಗೆ ಇಳಿದುಹೋದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಆ ಕಥೆಯನ್ನು ಮತ್ತೆ ನೆಂಟರಿಗೆ ಹೇಳಿದ್ದೂ ಇಲ್ಲ. ಬೆಳಿಗ್ಗೆ ಡಬ್ಬಿ ಒಂದೇ ತುಂಬುತ್ತಿತ್ತು. ಅತ್ತೆ ಇಬ್ಬರನ್ನೂ ನೋಡಿ, "ಏನಾಯ್ತು ನಿಮಗೆ, ಬೆಕ್ಕು ಅಡ್ಡ ಬಂತಾ?" ಎಂದರೆ ಇಬ್ಬರೂ "ಏನಿಲ್ಲ" ಎನ್ನುತ್ತಿದ್ದರು. ಅದೊಂದೇ ಮಾತನ್ನು ಅವರು ಆಗ ಒಟ್ಟಿಗೆ ಆಡುತ್ತಿದ್ದದ್ದು.

ತಿಂಗಳು ಮುಗಿಯಿತು. ಬಣ್ಣದಕ್ಕ ಕೆಳಗೆ ಬಿಲ್ಲಿಂಗಿನಲ್ಲಿ ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸುತ್ತಿದ್ದಾಗ ಮೆಟ್ಟಿಲಿಳಿದು ಬಂದ ಚಿಕ್ಕವಳು ಒಂದು ಹಾಳೆಯನ್ನು ಕೌಂಟರಿನ ಮೇಲಿಟ್ಟಳು. ತಿಂಗಳ ಚಾರ್ಟ್. ಕೈಕಟ್ಟಿ ನಿಂತು, ಹಾಳೆಯನ್ನಲ್ಲ, ಬಣ್ಣದಕ್ಕನ ಮುಖವನ್ನೇ ನೋಡತೊಡಗಿದಳು.

ಬಣ್ಣದಕ್ಕ ಹಾಳೆ ಎತ್ತಿಕೊಂಡಳು. ಅಂದವಾಗಿತ್ತು. ತೂತಿನೊಳಗಿನ ಅಂಕಿ ಈ ಸಲ ಇನ್ನೂ ನೀಟಾಗಿ ಕೂತಿತ್ತು. ಅದನ್ನು ಕಂಡು ಕೆಂಡ ಮತ್ತೆ ಕಣ್ಣು ಬಿಟ್ಟಿತು, ಅದೇನೂ ಆರಿರಲಿಲ್ಲ. ತಪ್ಪು ಸಿಗಲಿ ಎಂದು ಮನಸ್ಸು ಬೇಡುತ್ತಿತ್ತು. ಒಂದೊಂದೇ ಹೋಳಿನ ಹೆಸರು ಓದಿದಳು. ಹಾಸಿಗೆ, ನೀಲಿ. ಹೊದಿಕೆ, ಕೆಂಪು. ಪರದೆ, ಹಸಿರು. ದಿಂಬು, ಹಳದಿ. ಕಾಲೊರಸು, ಕಂದು. ಗಿರಾಕಿ ಕೆಮ್ಮಿದರು. ಅವಳು ಮತ್ತೊಮ್ಮೆ ಓದಿದಳು.

"ಸರಿ ಇದೆ" ಎಂದಳು.

"ನಿಜವಾಗ್ಲೂ?"

"ನಿಜವಾಗ್ಲೂ. ಕಂದು ಮಾತ್ರ ಸ್ವಲ್ಪ ಕೆಂಪಿಗೆ ತಿರುಗಿದೆ. ದೂರದಿಂದ ಯಜಮಾನರಿಗೆ ಹೊದಿಕೆ ಅನ್ನಿಸಬಹುದು. ಇನ್ನೊಂದು ಚೂರು ಮಬ್ಬು ಮಾಡು."

ಚಿಕ್ಕವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಇವಳ ಮುಖ ನೋಡಿದಳು. "ಹೂಂ" ಎಂದಳು. ಅಕ್ಕ ಎನ್ನಲಿಲ್ಲ. ಮೆಟ್ಟಿಲು ಹತ್ತಿ ಹೋದಳು, ಕಂದು ಸರಿ ಮಾಡಿ ತಂದು ಮತ್ತೆ ತೋರಿಸಿದಳು. ಆಮೇಲಿಂದ ಪ್ರತಿ ತಿಂಗಳೂ ಹಾಗೆಯೇ ತರುತ್ತಾಳೆ. ಬಣ್ಣದಕ್ಕನಿಗೆ ಈಗಲೂ ಹೊಟ್ಟೆ ಉರಿಯುತ್ತದೆಯಂತೆ. ಉರಿಯುತ್ತಲೇ ಓದುತ್ತಾಳೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ.

ಬಿಲ್ಲಿಂಗಿಗೆ ಇನ್ನೊಬ್ಬರು ಬೇಕೆಂದು ಯಜಮಾನರು ಹೇಳಿದ್ದಾರೆ. ಸೋಮವಾರದಿಂದ ನಾನು ಅಲ್ಲಿಗೆ, ದೊಡ್ಡಮ್ಮನ ಪಕ್ಕಕ್ಕೆ, ಕೆಲಸಕ್ಕೆ ಹೋಗುತ್ತೇನೆ. ಅದು ಗೊತ್ತಾದ ಮೇಲೆಯೇ ಅವಳು ಕೂತು ಇದನ್ನೆಲ್ಲ ಹೇಳಿದ್ದು.